ಬಣ್ಣವಿಲ್ಲದ 104 ಕಿಟಕಿಗಳು: ಹಳೆಯ ಮಠವೊಂದರಲ್ಲಿ ಅಮೂರ್ತ ಕಲೆ ಕೆಲಸ ಮಾಡುವ ಬಗೆ

ದಕ್ಷಿಣ ಫ್ರಾನ್ಸಿನ ಅವೇರೋನ್ ಸೀಮೆಯಲ್ಲಿ ಕೊಂಕ್ ಎಂಬ ಪುಟ್ಟ ಊರಿದೆ. ಅಲ್ಲಿನ ಸೇಂತ್ ಫುವಾ ಮಠದ ಚರ್ಚನ್ನು 11 ಮತ್ತು 12ನೇ ಶತಮಾನಗಳಲ್ಲಿ ಕಟ್ಟಲಾಯಿತು. ಸ್ಪೇನಿನ ಸಾಂತಿಯಾಗೊಗೆ ಕಾಲ್ನಡಿಗೆಯಲ್ಲಿ ಹೊರಟ ಯಾತ್ರಿಕರು ಅಂದಿನಿಂದಲೂ ತಂಗುವ ಜಾಗ ಅದು. ಪಶ್ಚಿಮದ ಬಾಗಿಲ ಮೇಲಿನ ಅರ್ಧಚಂದ್ರಾಕಾರದ ಕಲ್ಲಿನಲ್ಲಿ ಕೊನೆಯ ತೀರ್ಪಿನ ದೃಶ್ಯವಿದೆ: 124 ಆಕೃತಿಗಳು, ಸ್ವರ್ಗ ಒಂದು ಕಡೆ, ನರಕ ಇನ್ನೊಂದು ಕಡೆ. ಇಷ್ಟೊಂದು ಕಥೆ ಹೇಳುವ ಆ ಬಾಗಿಲನ್ನು ದಾಟಿ ಒಳಗೆ ಕಾಲಿಟ್ಟರೆ 104 ಕಿಟಕಿಗಳಲ್ಲಿ ಒಂದರಲ್ಲೂ ಸಂತರಿಲ್ಲ, ಶಿಲುಬೆಯಿಲ್ಲ, ಬಣ್ಣದ ಗಾಜಿನ ಒಂದು ಚೂರೂ ಇಲ್ಲ. ಹಾಲುಬಿಳುಪಿನ ಗಾಜು, ಅದರ ಮೇಲೆ ಓರೆಯಾಗಿ ಬಾಗಿ ಹೋಗುವ ಕಪ್ಪು ರೇಖೆಗಳು, ಅಷ್ಟೆ.

ಇವುಗಳನ್ನು ಮಾಡಿದವರು ಫ್ರಾನ್ಸಿನ ಅಮೂರ್ತ ಚಿತ್ರಕಾರ ಪಿಯೆರ್ ಸುಲಾಜ್. 1986ರಲ್ಲಿ ಫ್ರೆಂಚ್ ಸರ್ಕಾರ ಕೆಲಸ ಒಪ್ಪಿಸಿತು, 1994ರಲ್ಲಿ ಕಿಟಕಿಗಳು ಉದ್ಘಾಟನೆಯಾದವು. ಎಂಟು ವರ್ಷ ಹಿಡಿದ ಈ ಕೆಲಸವನ್ನು ನೋಡಿ 'ಇದರಲ್ಲಿ ಏನಿದೆ, ಬರೀ ಮಸುಕು ಗಾಜು' ಎಂದು ಹೊರಟುಹೋಗುವವರು ಈಗಲೂ ಇದ್ದಾರೆ. ಅವರಿಗೆ ಕಣ್ಣಿಲ್ಲ ಎಂದಲ್ಲ. ಅಮೂರ್ತ ಚಿತ್ರವನ್ನು, ಅಂದರೆ ಗುರುತಿಸಬಹುದಾದ ಆಕೃತಿಯಿಲ್ಲದ ಚಿತ್ರವನ್ನು, ಗ್ಯಾಲರಿಯಲ್ಲಿ ನೋಡುವ ಅಭ್ಯಾಸದಲ್ಲೇ ಇಲ್ಲೂ ನೋಡಿದರೆ ಕಿಟಕಿ ಮಾತ್ರ ಕಣ್ಣಿಗೆ ಬೀಳುತ್ತದೆ. ಇಲ್ಲಿ ಕೃತಿಯೆಂದರೆ ಕಿಟಕಿಯೂ, ಅದರಿಂದ ಬೆಳಕು ಬಿದ್ದ ಕಲ್ಲೂ ಸೇರಿ. ಕಲ್ಲನ್ನು ಬಿಟ್ಟು ಗಾಜನ್ನಷ್ಟೇ ನೋಡಿದರೆ ಅರ್ಧ ಕೃತಿಯನ್ನು ನೋಡಿದಂತೆಯೇ.

ಹೊಸದೇನೂ ಅಲ್ಲ

ಮಠಕ್ಕೂ ಅಮೂರ್ತ ಕಲೆಗೂ ಹೊಂದುವುದಿಲ್ಲ, ಇದು ಆಧುನಿಕರು ಹಳೆಯ ಕಟ್ಟಡದ ಮೇಲೆ ಹೇರಿದ್ದು ಎನ್ನುವ ಮಾತು ಪದೇ ಪದೇ ಕೇಳಿಬರುತ್ತದೆ. ಚರಿತ್ರೆ ಬೇರೆಯದನ್ನೇ ಹೇಳುತ್ತದೆ. 12ನೇ ಶತಮಾನದಲ್ಲೇ ಸರಳತೆಗೆ ಒತ್ತು ಕೊಡುತ್ತಿದ್ದ ಸಿಸ್ಟರ್ಷಿಯನ್ ಪಂಥದ ಕ್ರೈಸ್ತ ಸನ್ಯಾಸಿಗಳು ತಮ್ಮ ಮಠಗಳ ಕಿಟಕಿ ಬಿಳಿಯಾಗಿರಬೇಕು, ಶಿಲುಬೆಯಾಗಲಿ ಚಿತ್ರವಾಗಲಿ ಇರಕೂಡದು ಎಂದು ನಿಯಮ ಮಾಡಿಕೊಂಡಿದ್ದರು. ಚಿತ್ರ ಬೇಡವೆಂದ ಮೇಲೆ ಗಾಜು ಕಟ್ಟುವವನ ಕೈಯಲ್ಲಿ ಉಳಿದದ್ದು ಸೀಸದ ಪಟ್ಟಿ ಮಾತ್ರ. ಗಾಜಿನ ತುಂಡುಗಳನ್ನು ಜೋಡಿಸಲು ಅದು ಹೇಗೂ ಬೇಕೇ ಬೇಕು. ಆ ಪಟ್ಟಿಯನ್ನೇ ಬಳ್ಳಿಯಂತೆ ಹೆಣೆದು, ಒಂದರೊಳಗೊಂದು ಹಾಯಿಸಿ ವಿನ್ಯಾಸ ಮಾಡಿದರು. ಫ್ರಾನ್ಸಿನ ಒಬಾಜೀನ್ ಮಠದಲ್ಲಿ ಅಂಥ ಕಿಟಕಿಗಳು ಇಂದಿಗೂ ಇವೆ. ಬಣ್ಣವಿಲ್ಲದ ಗಾಜು, ಸೀಸದ ರೇಖೆ, ಬೆಳಕು, ಈ ಮೂರೇ ಸಾಮಗ್ರಿ. ಸುಲಾಜ್ ಬಳಸಿದ್ದೂ ಈ ಮೂರನ್ನೇ.

ಕೊಂಕ್ ಸಿಸ್ಟರ್ಷಿಯನ್ ಮಠವಲ್ಲ, ಬೆನೆಡಿಕ್ಟೈನ್ ಎಂಬ ಇನ್ನೊಂದು ಸನ್ಯಾಸಿ ಪಂಥದ ಮಠವಾಗಿತ್ತು ಎಂಬುದನ್ನೂ ಹೇಳಬೇಕು. ಅಲ್ಲಿಗೆ ಅಲಂಕಾರ ಹೊಸದಲ್ಲ. ಚಿನ್ನದ ತಗಡು ಹೊದಿಸಿ ಹರಳು ಕೂರಿಸಿದ ಸಂತ ಫುವಾಳ ಮೂರ್ತಿ ಆ ಮಠದ ಭಂಡಾರದಲ್ಲೇ ಇದೆ. ಹಾಗಾಗಿ ಅಲ್ಲಿನ ಕಿಟಕಿಗಳು ಬರಿದಾಗಿರುವುದಕ್ಕೆ ಕಾರಣ ಯಾವುದೋ ಧಾರ್ಮಿಕ ನಿಯಮವಲ್ಲ. ಕಾರಣ ಕಟ್ಟಡದ ಕಲ್ಲಿನಲ್ಲಿದೆ.

ಆ ಕಲ್ಲು ಮೂರು ಬಗೆಯದು: ಹಳದಿ ಛಾಯೆಯ ಸುಣ್ಣಕಲ್ಲು, ಗುಲಾಬಿಗೆಂಪಿನ ಮರಳುಗಲ್ಲು, ಬೂದುನೀಲಿಯ ಪದರಗಲ್ಲು. ಒಂದೇ ಗೋಡೆಯಲ್ಲಿ ಮೂರೂ ಬೆರೆತಿವೆ. 20ನೇ ಶತಮಾನದ ನಡುವಿನಲ್ಲಿ ಕಿಟಕಿಗಳಿಗೆ ಬಣ್ಣದ, ಸಂತರ ಚಿತ್ರವಿದ್ದ ಗಾಜುಗಳನ್ನು ಹಾಕಲಾಗಿತ್ತು. ಬಿಸಿಲು ಅವುಗಳ ಮೂಲಕ ಬಂದಾಗ ನೆಲದ ಮೇಲೆ, ಕಂಬದ ಮೇಲೆ ಕೆಂಪು ನೀಲಿ ಮಚ್ಚೆಗಳು ಬೀಳುತ್ತಿದ್ದವು. ಹಳದಿ ಕಲ್ಲಿನ ಮೇಲೆ ನೀಲಿ ಬೆಳಕು ಬಿದ್ದರೆ ಕಲ್ಲು ಹಳದಿಯಾಗಿ ಉಳಿಯುವುದಿಲ್ಲ. ಮೂರು ಕಲ್ಲುಗಳ ನಡುವಿನ ಆ ಸೂಕ್ಷ್ಮ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಕಟ್ಟಡದ ಉದ್ದ ಸುಮಾರು 56 ಮೀಟರ್, ನಡುವಿನ ಕಮಾನಿನ ಎತ್ತರ ಸುಮಾರು 22 ಮೀಟರ್. ಇಷ್ಟರೊಳಗೆ 95 ಕಿಟಕಿ, 9 ಸಣ್ಣ ಸೀಳುಗಂಡಿ. ಆ ಕಾಲದ ಚರ್ಚಿಗೆ ಇಷ್ಟು ತೆರಪುಗಳು ವಿರಳ. ಕಟ್ಟಿದವರು ಬೆಳಕನ್ನು ಲೆಕ್ಕಹಾಕಿಯೇ ಕಟ್ಟಿದ್ದರು. ಆ ಲೆಕ್ಕವನ್ನು ಮತ್ತೆ ಕಾಣುವಂತೆ ಮಾಡುವುದೇ ಸುಲಾಜ್ ತಮಗೆ ಹಾಕಿಕೊಂಡ ಕೆಲಸ. 1919ರಲ್ಲಿ ಹತ್ತಿರದ ರೊಡೇಜ್ ಪಟ್ಟಣದಲ್ಲಿ ಹುಟ್ಟಿದ ಅವರು ಹುಡುಗನಾಗಿದ್ದಾಗ ಶಾಲೆಯಿಂದ ಈ ಚರ್ಚು ನೋಡಲು ಬಂದಿದ್ದರು. ಕಲೆಯೇ ತನ್ನ ದಾರಿ ಎಂದು ನಿಶ್ಚಯವಾದದ್ದು ಇಲ್ಲೇ ಎಂದು ಅವರು ಮುಂದೆ ಹಲವು ಬಾರಿ ಹೇಳಿಕೊಂಡರು.

ಬೇಕಾದ ಗಾಜು ಎಲ್ಲೂ ಇರಲಿಲ್ಲ

ಅವರಿಗೆ ಬೇಕಾಗಿದ್ದ ಗಾಜಿಗೆ ಮೂರು ಗುಣಗಳಿರಬೇಕಿತ್ತು. ಬೆಳಕು ಬರಬೇಕು, ಹೊರಗಿನ ಮರ, ಮನೆ, ಬೆಟ್ಟ ಕಾಣಬಾರದು. ಬಣ್ಣ ಇರಬಾರದು. ಮೂರನೆಯದೇ ಕಷ್ಟದ್ದು: ಒಂದೇ ಹಲಗೆಯೊಳಗೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಬೆಳಕು ಹಾಯಬೇಕು, ಆ ಏರಿಳಿತ ಗಾಜಿನ ಒಳಗೇ ಇರಬೇಕು.

ಅಂಗಡಿಯಲ್ಲಿ ಸಿಗುವ ಮಸುಕು ಗಾಜು ಇದಕ್ಕೆ ಆಗುವುದಿಲ್ಲ. ಮರಳು ಊದಿ ಅಥವಾ ಆಮ್ಲ ಹಚ್ಚಿ ಮಾಡಿದ ಗಾಜಿನಲ್ಲಿ ಬೆಳಕು ಚದುರುವುದು ಮೇಲ್ಮೈಯಲ್ಲಿ ಮಾತ್ರ. ಅದು ಎಲ್ಲ ಕಡೆ ಒಂದೇ ಸಮನಾಗಿ ಬಿಳಿಯಾಗುತ್ತದೆ, ಚಪ್ಪಟೆಯಾಗಿ ಕಾಣುತ್ತದೆ, ಕೈ ಮುಟ್ಟಿದ ಕಡೆ ಜಿಡ್ಡು ಕೂತು ಗುರುತು ಉಳಿಯುತ್ತದೆ. ಹಾಲುಗಾಜು ಎಂದು ಮಾರುವ ಬಿಳಿ ಗಾಜಿನಲ್ಲೂ ಅದೇ ಸಮತೆ. ಹಾಗಾಗಿ ಮಾರ್ಸೇಯ ಗಾಜಿನ ಕಲಾ ಸಂಶೋಧನಾ ಕೇಂದ್ರ ಸಿರ್ವಾದಲ್ಲಿ, ಆಮೇಲೆ ಸಾಂ-ಗೋಬಾಂ ಕಂಪನಿಯ ಪ್ರಯೋಗಾಲಯದಲ್ಲಿ, ನೂರಾರು ಪ್ರಯೋಗಗಳು ನಡೆದವು. ಜೊತೆಗಿದ್ದವರು ತೂಲೂಸಿನ ಗಾಜುಗಾರ ಜಾನ್-ದೊಮಿನಿಕ್ ಫ್ಲೆರಿ.

ಸಿಕ್ಕಿದ ದಾರಿಯ ತತ್ವ ಹೀಗಿದೆ. ಬಣ್ಣವಿಲ್ಲದ ಗಾಜನ್ನು ಒಡೆದು ಕಾಳು ಮಾಡುತ್ತಾರೆ. ಕಾಳುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ಅಚ್ಚಿನ ಹಾಸಿನ ಮೇಲೆ ಬೇಕಾದಂತೆ ಹರಡಿ, ಕುಲುಮೆಯಲ್ಲಿ ಒಂದಕ್ಕೊಂದು ಬೆಸೆದುಕೊಳ್ಳುವವರೆಗೆ ಕಾಯಿಸುತ್ತಾರೆ. ಕಿಟಕಿ ಗಾಜಿನಂಥ ಸಾಮಾನ್ಯ ಸೋಡಾ-ಸುಣ್ಣದ ಗಾಜಾದರೆ 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇದು ನಡೆಯುತ್ತದೆ. ಇಲ್ಲಿ ಎರಡು ಸಂಗತಿಗಳು ಬೆಳಕನ್ನು ತಡೆಯುತ್ತವೆ. ಒಂದು, ಕಾಳುಗಳ ನಡುವೆ ಸಿಕ್ಕಿಕೊಂಡ ಗಾಳಿಗುಳ್ಳೆ. ಕಾಳು ಸಣ್ಣದಾದಷ್ಟೂ ಗುಳ್ಳೆಗಳ ಸಂಖ್ಯೆ ಹೆಚ್ಚು, ಗಾಜು ಹೆಚ್ಚು ಬಿಳಿ. ಕಾಳು ದಪ್ಪನಾದರೆ ಗುಳ್ಳೆ ಕಡಿಮೆ, ಗಾಜು ತಿಳಿ. ಎರಡು, ಹರಳುಗಟ್ಟುವಿಕೆ. ಸಕ್ಕರೆ ಪಾಕವನ್ನು ಸರಿಯಾದ ಹದದಲ್ಲಿ ಇಳಿಸದಿದ್ದರೆ ಅದು ತಿಳಿಯಾಗಿ ಉಳಿಯದೆ ಹರಳುಗಟ್ಟಿ ಬೆಳ್ಳಗಾಗುತ್ತದಲ್ಲ, ಗಾಜನ್ನೂ ಒಂದು ಉಷ್ಣತೆಯಲ್ಲಿ ಹೆಚ್ಚು ಹೊತ್ತು ನಿಲ್ಲಿಸಿದರೆ ಅದೇ ಆಗುತ್ತದೆ. ಗಾಜು ಮಾಡುವವರಿಗೆ ಇದು ದೋಷ. ಸಾಮಾನ್ಯವಾಗಿ ಈ ಉಷ್ಣತೆಯ ಹಂತವನ್ನು ಬೇಗ ದಾಟಿಸಿಬಿಡುತ್ತಾರೆ. ಸುಲಾಜ್ ಆ ದೋಷವನ್ನೇ ಬಯಸಿದರು, ಆದರೆ ಅರ್ಧ ಮಾತ್ರ.

ಆ 'ಅರ್ಧ' ಹಿಡಿಯುವುದೇ ಕಷ್ಟ. ಕುಲುಮೆ ಸ್ವಲ್ಪ ಹೆಚ್ಚು ಕಾದರೆ ಕಾಳುಗಳು ಪೂರ್ತಿ ಕರಗಿ, ಗುಳ್ಳೆಗಳು ಮೇಲೆದ್ದು ಹೋಗಿ, ಮಾಡಿದ ಹರವೆಲ್ಲ ಅಳಿದು ಒಂದೇ ಸಮನಾದ ಹಲಗೆ ಬರುತ್ತದೆ. ಕಡಿಮೆ ಕಾದರೆ ಕಾಳುಗಳು ಅಂಚಿನಲ್ಲಿ ಮಾತ್ರ ಅಂಟಿಕೊಂಡು ಹಲಗೆ ಪುಡಿಯಾಗುತ್ತದೆ, ಸಂದುಗಳಲ್ಲಿ ನೀರು ಸೇರುತ್ತದೆ. ಹರಳು ಅತಿಯಾದರೆ ಬೇರೆ ತೊಂದರೆ: ತಣಿಯುವಾಗ ಹರಳು ಕುಗ್ಗುವ ಪ್ರಮಾಣ ಬೇರೆ, ಗಾಜು ಕುಗ್ಗುವ ಪ್ರಮಾಣ ಬೇರೆ, ಆ ಎಳೆದಾಟದಲ್ಲಿ ಹಲಗೆ ಬಿರುಕು ಬಿಡುತ್ತದೆ. ದಪ್ಪ ಗಾಜನ್ನು ಕುಲುಮೆಯಿಂದ ಅವಸರದಲ್ಲಿ ಹೊರಗೆ ತೆಗೆದರೂ ಅದೇ ಗತಿ, ಹೊರಮೈ ಮೊದಲು ಗಟ್ಟಿಯಾಗಿ ಒಳಮೈ ಆಮೇಲೆ ಕುಗ್ಗುತ್ತದೆ. ಅದಕ್ಕೇ 540-550 ಡಿಗ್ರಿ ಹತ್ತಿರ ತಡೆದು ನಿಲ್ಲಿಸಿ, ಅಲ್ಲಿಂದ ಕೆಳಗೆ ನಿಧಾನವಾಗಿ ತಣಿಸುತ್ತಾರೆ. ಈ ಹಂತದಲ್ಲಿ ತಪ್ಪಿದ ಗಾಜು ಆ ದಿನ ಚೆನ್ನಾಗಿಯೇ ಕಾಣಬಹುದು. ಒಳಗೆ ಬಿಗಿತ ಉಳಿದಿರುತ್ತದೆ, ತಿಂಗಳುಗಳ ನಂತರ ಕತ್ತರಿಸುವಾಗಲೋ ಬಿಸಿಲಿಗೋ ಸೀಳುತ್ತದೆ.

ರೇಖೆ ಎಳೆದದ್ದು ಅಂಟುಪಟ್ಟಿಯಿಂದ

ವಿನ್ಯಾಸಕ್ಕೆ ಸುಲಾಜ್ ಪೆನ್ಸಿಲ್ಲು, ಕುಂಚ ಹಿಡಿಯಲಿಲ್ಲ. ಬಿಳಿ ನುಣುಪು ಹಲಗೆಗಳ ಮೇಲೆ ಕಪ್ಪು ಅಂಟುಪಟ್ಟಿ ಎಳೆದು ರೇಖೆಗಳನ್ನು ಮೂಡಿಸಿದರು. ಇದರಲ್ಲಿ ತುಂಬ ಒಳ್ಳೆಯ ಜಾಣ್ಮೆ ಇದೆ. ಅಂಟುಪಟ್ಟಿಯನ್ನು ಕಿತ್ತು ಒಂದು ಬೆರಳಿನಷ್ಟು ಸರಿಸಿ ಮತ್ತೆ ಅಂಟಿಸಬಹುದು, ಅಳಿಸಿದ ಗುರುತು ಉಳಿಯುವುದಿಲ್ಲ. ಸೀಸದ ಪಟ್ಟಿಯಂತೆ ಅದಕ್ಕೂ ಒಂದೇ ಅಗಲ ಇರುತ್ತದೆ, ಅದೂ ಸಣ್ಣ ಬಾಗಿಗೆ ಒಪ್ಪುತ್ತದೆ, ತೀಕ್ಷ್ಣ ತಿರುವಿಗೆ ಒಪ್ಪುವುದಿಲ್ಲ. ಪಟ್ಟಿಯಲ್ಲಿ ಬಾಗದ ರೇಖೆ ಸೀಸದಲ್ಲೂ ಬಾಗದು. ವಿನ್ಯಾಸ ಮಾಡುವ ಹೊತ್ತಿನಲ್ಲೇ ಕಸುಬಿನ ಮಿತಿ ಕೈಗೆ ತಿಳಿಯುತ್ತಿತ್ತು.

ಚರ್ಚಿನ ಕಟ್ಟಡದಲ್ಲಿ ಎಲ್ಲವೂ ನೆಟ್ಟಗೆ ನಿಂತ ಗೆರೆ ಅಥವಾ ಅರ್ಧವೃತ್ತ. ಸುಲಾಜ್ ರೇಖೆಗಳು ಅವೆರಡೂ ಅಲ್ಲ. ಓರೆಯಾಗಿ, ತುಸುವೇ ಬಾಗಿ, ಹಲವು ಸಮಾನಾಂತರವಾಗಿ ಹರಿಯುತ್ತವೆ. ಕಂಬದ ಗೆರೆಯನ್ನೇ ಕಿಟಕಿಯೂ ಮತ್ತೆ ಹೇಳಿದ್ದರೆ ಕಣ್ಣು ಕಿಟಕಿಯನ್ನು ಗಮನಿಸದೆ ದಾಟಿಬಿಡುತ್ತಿತ್ತು.

ಕಟ್ಟುವ ಕ್ರಮ ಹಳೆಯದೇ. ಇಂಗ್ಲಿಷಿನ ಎಚ್ ಅಕ್ಷರದ ಆಕಾರದ ಸೀಸದ ಪಟ್ಟಿಯ ಎರಡೂ ಕಡೆಯ ತೋಡಿನಲ್ಲಿ ಗಾಜಿನ ಅಂಚು ಕೂರುತ್ತದೆ. ಪಟ್ಟಿಗಳು ಸೇರುವ ಕಡೆ ತವರ-ಸೀಸದ ಬೆಸುಗೆ ಹಾಕುತ್ತಾರೆ. ಅಗಸೆ ಎಣ್ಣೆಯಲ್ಲಿ ಸೀಮೆಸುಣ್ಣದ ಪುಡಿ ಕಲಸಿದ ಗಾರೆಯನ್ನು ತೋಡಿಗೆ ತುಂಬಿ ಮಳೆನೀರು ತಡೆಯುತ್ತಾರೆ. ಗಾರೆ ತುಂಬುವುದನ್ನು ಅವಸರದಲ್ಲಿ ಮಾಡಿದ ಹಲಗೆ ಗಾಳಿಗೆ ಗಡಗಡ ಎನ್ನುತ್ತದೆ, ಕೆಲವೇ ವರ್ಷಗಳಲ್ಲಿ ಸೋರುತ್ತದೆ.

ಭಾರದ ಲೆಕ್ಕವನ್ನು ಇಲ್ಲಿ ಮರೆಯುವಂತಿಲ್ಲ. ಒಂದು ಚದರ ಮೀಟರ್ ಗಾಜಿಗೆ ಪ್ರತಿ ಮಿಲಿಮೀಟರ್ ದಪ್ಪಕ್ಕೆ 2.5 ಕಿಲೋ ತೂಕ. 3 ಮಿ.ಮೀ. ಗಾಜಾದರೆ 7.5 ಕಿಲೋ, 8 ಮಿ.ಮೀ. ಆದರೆ 20 ಕಿಲೋ, ಸೀಸದ ತೂಕ ಬೇರೆ. ಸೀಸ ಮೆತ್ತನೆಯ ಲೋಹ, ತನ್ನ ಭಾರಕ್ಕೆ ತಾನೇ ವರ್ಷಗಟ್ಟಲೆ ನಿಧಾನವಾಗಿ ಜಗ್ಗುತ್ತದೆ. ಎತ್ತರದ ಕಿಟಕಿಯನ್ನು ಒಂದೇ ಹಲಗೆಯಾಗಿ ಕಟ್ಟಿದರೆ ಕೆಳಭಾಗ ಹೊಟ್ಟೆ ಬಿಟ್ಟು ಗಾಜು ಒಡೆಯುತ್ತದೆ. ಆದ್ದರಿಂದ ಕಿಟಕಿಯನ್ನು ಹಲವು ಹಲಗೆಗಳಾಗಿ ವಿಂಗಡಿಸಿ, ನಡುನಡುವೆ ಕಲ್ಲಿಗೆ ಊರಿದ ಅಡ್ಡ ಕಬ್ಬಿಣದ ಸರಳುಗಳ ಮೇಲೆ ಭಾರ ಹೊರಿಸುತ್ತಾರೆ. ಆ ಅಡ್ಡ ಸರಳು ಒಳಗಿನಿಂದ ಕಪ್ಪಗೆ ಕಾಣುವುದರಿಂದ ಅದೂ ಚಿತ್ರದ ಒಂದು ರೇಖೆಯೇ. ಕೊಂಕ್‌ನಲ್ಲಿ ಓರೆ ರೇಖೆಗಳು ಈ ಸರಳುಗಳನ್ನು ಹೇಗೆ ದಾಟುತ್ತವೆ ಎಂದು ಒಂದೊಂದು ಕಿಟಕಿಯಲ್ಲೂ ನೋಡಿ, ಎಲ್ಲೂ ಆಕಸ್ಮಿಕವಿಲ್ಲ. ಬಣ್ಣದ ಗಾಜಿನ ಕಿಟಕಿಗಳಲ್ಲಿ ಅಂಚಿನ ಸುತ್ತ ಸಾಮಾನ್ಯವಾಗಿ ಇರುವ ಗಾಜಿನ ಅಂಚುಪಟ್ಟಿಯನ್ನು ಸುಲಾಜ್ ಇಲ್ಲಿ ಕೈಬಿಟ್ಟರು. ಬೆಳಗುವ ಗಾಜು ನೇರವಾಗಿ ಕಲ್ಲಿಗೆ ತಾಗುತ್ತದೆ.

ಬಣ್ಣವಿಲ್ಲದ ಗಾಜಿನಲ್ಲಿ ಬಣ್ಣ ಎಲ್ಲಿಂದ?

ಬೆಳಿಗ್ಗೆ ಒಳಗೆ ನಿಂತು ನೋಡಿದರೆ ಕೆಲವು ಕಿಟಕಿ ನೀಲಿಗೆ ಹೊರಳಿರುತ್ತವೆ, ಕೆಲವು ಕಿತ್ತಳೆಗೆ. ಸಂಜೆಗೆ ಆ ಛಾಯೆಗಳು ಬದಲಾಗಿರುತ್ತವೆ. ಇದರಲ್ಲಿ ಎರಡು ಕಾರಣ ಬೆರೆತಿವೆ.

ಮೊದಲನೆಯದು ದಿಕ್ಕು. ಚರ್ಚಿನ ಗರ್ಭಭಾಗ ಪೂರ್ವಕ್ಕಿದೆ, ಬಾಗಿಲು ಪಶ್ಚಿಮಕ್ಕೆ. ಉತ್ತರ ಗೋಡೆಯ ಕಿಟಕಿಗಳಿಗೆ ನೇರ ಬಿಸಿಲು ತಗಲುವುದು ಅಪರೂಪ, ಅಲ್ಲಿಗೆ ಬರುವುದು ನೀಲಿ ಆಕಾಶದ ಬೆಳಕು. ದಕ್ಷಿಣದ ಕಿಟಕಿಗಳಿಗೆ ಹೊತ್ತೇರಿದ ಮೇಲೆ ಹಳದಿ ಬಿಸಿಲು. ಪಾರದರ್ಶಕ ಗಾಜಾಗಿದ್ದರೆ ಆ ಬಿಸಿಲು ನೇರವಾಗಿ ತೂರಿ ನೆಲದಲ್ಲಿ ಒಂದು ಉಜ್ವಲ ಚೌಕವಾಗಿ ಬೀಳುತ್ತಿತ್ತು, ಕಿಟಕಿಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಈ ಗಾಜು ಬೆಳಕನ್ನು ತನ್ನಲ್ಲೇ ಹಿಡಿದು ಎಲ್ಲ ಕಡೆಗೆ ಚದುರಿಸುವುದರಿಂದ ಬೆಳಕಿನ ಬಣ್ಣ ಗಾಜಿನ ಮೈಮೇಲೆ ಕಾಣುತ್ತದೆ.

ಎರಡನೆಯದು ಗಾಜಿನ ಒಳಗಿನ ಸೂಕ್ಷ್ಮ ಕಣಗಳು. ತೀರಾ ಸಣ್ಣ ಕಣಗಳು ಕೆಂಪಿಗಿಂತ ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ; ಹಗಲಿನ ಆಕಾಶ ನೀಲಿಯಾಗಿ, ಮುಳುಗುವ ಸೂರ್ಯ ಕೆಂಪಾಗಿ ಕಾಣುವುದು ಇದೇ ತತ್ವದಿಂದ. ಗಾಜಿನಿಂದ ಹಿಂದಕ್ಕೆ ಮರಳಿದ ಬೆಳಕಿನಲ್ಲಿ ನೀಲಿ ಹೆಚ್ಚು, ದಾಟಿ ಬಂದದ್ದರಲ್ಲಿ ಬೆಚ್ಚನೆ ಛಾಯೆ ಹೆಚ್ಚು. ಅದಕ್ಕೇ ಹೊರಗಿನಿಂದ ನೋಡಿದಾಗ ಈ ಕಿಟಕಿಗಳು ನೀಲಿ-ಬೂದು ಮೈಯಾಗಿ ಕಾಣುತ್ತವೆ, ಗೋಡೆಯ ಕಲ್ಲಿನ ಪಕ್ಕ ಹೊಂದಿಕೊಂಡು ಕೂರುತ್ತವೆ. ಸಾಮಾನ್ಯ ಬಣ್ಣದ ಗಾಜಿನ ಕಿಟಕಿಗಳಾದರೆ ಹೊರಗಿನಿಂದ ಹಗಲಿನಲ್ಲಿ ಕಪ್ಪು ಗುಂಡಿಗಳಂತೆ ಕಾಣುತ್ತವೆ. ಕಟ್ಟಡದ ಹೊರಮೈಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ಕಿಟಕಿಗಳು ಬಹಳ ಕಡಿಮೆ. ಇದು ನನ್ನ ಮಟ್ಟಿಗೆ ಈ ಕೃತಿಯ ಅತ್ಯಂತ ದೊಡ್ಡ ಸಾಧನೆ, ಮತ್ತು ಪ್ರವಾಸಿಗರು ಅತಿ ಹೆಚ್ಚು ಕಡೆಗಣಿಸುವ ಭಾಗವೂ ಇದೇ.

ಊರಿನವರಲ್ಲಿ ಹಲವರಿಗೆ ಮೊದಲು ಇದು ಹಿಡಿಸಲಿಲ್ಲ. ದಿನಾ ಕಂಡು ಕೈಮುಗಿಯುತ್ತಿದ್ದ ಸಂತರು ಇದ್ದಕ್ಕಿದ್ದಂತೆ ಇಲ್ಲವಾದರೆ ಬೇಸರವಾಗುವುದು ಸಹಜ, ಅದನ್ನು ಕಲೆ ತಿಳಿಯದವರ ತಕರಾರು ಎಂದು ತಳ್ಳಿಹಾಕುವುದು ಅನ್ಯಾಯ. ಜರ್ಮನಿಯ ಥೋಲೈ ಮಠದವರು ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡರು. ಕ್ರಿ.ಶ. 634ರ ದಾಖಲೆಯಲ್ಲೇ ಹೆಸರು ಕಾಣುವ ಆ ಬೆನೆಡಿಕ್ಟೈನ್ ಮಠದ ಚರ್ಚಿಗೆ 2020ರಲ್ಲಿ ಜರ್ಮನ್ ಚಿತ್ರಕಾರ ಗೆರ್ಹಾರ್ಡ್ ರಿಕ್ಟರ್ ಮೂರು ದೊಡ್ಡ ಅಮೂರ್ತ ಕಿಟಕಿಗಳ ವಿನ್ಯಾಸ ಮಾಡಿಕೊಟ್ಟರು. ತಮ್ಮದೇ ಒಂದು ಅಮೂರ್ತ ವರ್ಣಚಿತ್ರವನ್ನು ಕಂಪ್ಯೂಟರಿನಲ್ಲಿ ಸೀಳಿ, ಕನ್ನಡಿ ಹಿಡಿದಂತೆ ಮತ್ತೆ ಮತ್ತೆ ಮಗುಚಿ ಮಾಡಿದ ಬಣ್ಣದ ವಿನ್ಯಾಸಗಳು ಅವು. ಉಳಿದ ಕಿಟಕಿಗಳಲ್ಲಿ ಅಫ್ಘಾನಿಸ್ತಾನದಲ್ಲಿ ಹುಟ್ಟಿದ ಕಲಾವಿದೆ ಮಹ್ಬೂಬಾ ಮಕ್ಸೂದಿ ಬೈಬಲಿನ ಪ್ರಸಂಗಗಳನ್ನೂ ಸಂತರನ್ನೂ ಚಿತ್ರಿಸಿದರು. ಪ್ರಾರ್ಥಿಸುವವರಿಗೆ ಇದು ಅನುಕೂಲದ ಏರ್ಪಾಡು. ಕಟ್ಟಡ ಒಂದೇ ದನಿಯಲ್ಲಿ ಮಾತಾಡಬೇಕೆಂದರೆ ಕೊಂಕ್ ಮೇಲು ಎಂದೇ ನಾನು ಹೇಳುತ್ತೇನೆ.

ಕೆಲವು ತಿಂಗಳ ಪ್ರದರ್ಶನವಾದರೆ

ಕೊಂಕ್ ಶಾಶ್ವತ ಕೃತಿ. ಕೆಲವು ತಿಂಗಳಿಗೆಂದು ಅಮೂರ್ತ ಕೃತಿಗಳನ್ನು ತಂದಿಡುವ ಮಠಗಳೂ ಇವೆ. ವೆನಿಸಿನ ಸಾನ್ ಜೋರ್ಜೊ ಮಜ್ಜೋರೆ ಬೆನೆಡಿಕ್ಟೈನ್ ಮಠದ ಚರ್ಚಿನಲ್ಲಿ 2011ರಲ್ಲಿ ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್ ಹೊಗೆಯ ಕಂಬವೊಂದನ್ನು ಗುಮ್ಮಟದತ್ತ ಏರಿಸಿದರು. 2019ರಲ್ಲಿ ಶಾನ್ ಸ್ಕಲಿ ಅದೇ ಗುಮ್ಮಟದ ಕೆಳಗೆ ಬಣ್ಣಬಣ್ಣದ ಫೆಲ್ಟ್ ಬಟ್ಟೆ ಹೊದಿಸಿದ 10 ಮೀಟರಿಗೂ ಎತ್ತರದ ಗೋಪುರ ನಿಲ್ಲಿಸಿದರು. ಲಿಯೋನ್ ಹತ್ತಿರ ಲ ಕಾರ್ಬೂಸಿಯೆ ಕಟ್ಟಿದ ಲಾ ತೂರೆತ್ ಡೊಮಿನಿಕನ್ ಮಠ ಹಳೆಯದಲ್ಲ, 1960ರದ್ದು. ಅಲ್ಲಿ 2009ರಲ್ಲಿ ಫ್ರಾಂಸ್ವಾ ಮೊರೆಲೆ, 2017ರಲ್ಲಿ ಲೀ ಉಫಾನ್ ಕೃತಿಗಳು ಊಟದ ಮನೆ, ಚರ್ಚು, ಪಡಸಾಲೆಗಳಲ್ಲೇ ಇದ್ದವು. (ನಮ್ಮ ಚಂಡೀಗಢದ ಕ್ಯಾಪಿಟಲ್ ಸಂಕೀರ್ಣ ಇದೇ ವಾಸ್ತುಶಿಲ್ಪಿಯದು.)

ಇಂಥ ಪ್ರದರ್ಶನ ಏರ್ಪಡಿಸುವವರ ಮೊದಲ ತಲೆನೋವು ಮೊಳೆ. ಸಂರಕ್ಷಿತ ಕಲ್ಲಿಗೆ ತೂತು ಕೊರೆಯುವಂತಿಲ್ಲ. ಚಿತ್ರಗಳನ್ನು ತಾವೇ ನಿಲ್ಲುವ ಚೌಕಟ್ಟಿಗೆ ಕಟ್ಟಿ, ಬುಡದಲ್ಲಿ ಭಾರ ಇಟ್ಟು ನಿಲ್ಲಿಸಬೇಕು. ಆ ಭಾರ ಎಲ್ಲಿ ಬೀಳುತ್ತದೆ ಎಂಬುದು ಮುಂದಿನ ಪ್ರಶ್ನೆ: ಹಳೆಯ ಚರ್ಚಿನ ನೆಲದಡಿ ಸಮಾಧಿ, ನೆಲಮಾಳಿಗೆ ಇರುವುದು ಸಾಮಾನ್ಯ, ಹಾಸುಗಲ್ಲು ಒಂದೇ ಬಿಂದುವಿನ ಭಾರಕ್ಕೆ ಸೀಳಬಹುದು. ಅಗಲ ಹಲಗೆ ಹಾಕಿ ಭಾರ ಹರಡಬೇಕು.

ತೇವ ಇನ್ನೂ ದೊಡ್ಡ ವೈರಿ. ಕ್ಯಾನ್ವಾಸಿಗೆ 45ರಿಂದ 55 ಶೇಕಡಾ ಸಾಪೇಕ್ಷ ಆರ್ದ್ರತೆ ಹಿತ. ಕಲ್ಲಿನ ಚರ್ಚುಗಳಲ್ಲಿ ಅದು 70-80ಕ್ಕೆ ಸುಲಭವಾಗಿ ಏರುತ್ತದೆ. ಚಳಿಗಾಲ ಕಳೆದ ಹೊಸತರಲ್ಲಿ ಜಾಗ್ರತೆ ಬೇಕು. ಗೋಡೆಯೊಳಗೆ ಇನ್ನೂ ಚಳಿ ಇರುತ್ತದೆ, ಬಾಗಿಲು ತೆರೆದಾಗ ಹೊರಗಿನ ಬೆಚ್ಚನೆಯ ತೇವದ ಗಾಳಿ ನುಗ್ಗಿ ಕಲ್ಲಿನ ಮೇಲೆ ಹನಿಯಾಗುತ್ತದೆ. ಗೋಡೆಗೆ ಒತ್ತಿ ನಿಲ್ಲಿಸಿದ ಕ್ಯಾನ್ವಾಸಿನ ಹಿಂಬದಿ ಆಗ ಬೂಷ್ಟು ಹಿಡಿಯುತ್ತದೆ, ನಡುವೆ ಗಾಳಿಯಾಡಲು ಅಂತರ ಬಿಡಲೇಬೇಕು. ಭಾನುವಾರದ ಪೂಜೆಗೆಂದು ಎರಡು ಗಂಟೆ ಹೀಟರ್ ಹಾಕಿ ಆರಿಸಿದರೆ ಆರ್ದ್ರತೆ ಧಡಕ್ಕನೆ ಇಳಿದು ಏರುತ್ತದೆ. ಸದಾ ತೇವವಾಗಿರುವುದಕ್ಕಿಂತ ಈ ಏರಿಳಿತವೇ ಬಣ್ಣದ ಪದರವನ್ನು ಹೆಚ್ಚು ಬಿರಿಸುತ್ತದೆ.

ಬೆಳಕಿನ ವಿಷಯದಲ್ಲಿ ಮ್ಯೂಸಿಯಂನ ಅಂಕಿಗಳು ಇಲ್ಲಿ ನಿಲ್ಲುವುದಿಲ್ಲ. ತೈಲವರ್ಣಕ್ಕೆ 200 ಲಕ್ಸ್ (ಲಕ್ಸ್ ಎಂದರೆ ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ), ಕಾಗದದ ಕೃತಿಗೆ 50 ಲಕ್ಸ್ ಎಂದು ಮಿತಿ ಇಟ್ಟುಕೊಳ್ಳುತ್ತಾರೆ. ಎತ್ತರದ ಕಿಟಕಿಯಿಂದ ನೇರ ಬಿಸಿಲಿನ ಚೌಕ ಚಿತ್ರದ ಮೇಲೆ ಬಿದ್ದರೆ ಹತ್ತಾರು ಸಾವಿರ ಲಕ್ಸ್. ಆ ಚೌಕ ಗಂಟೆ ಗಂಟೆಗೆ ಸರಿಯುತ್ತದೆ, ಋತುವಿನೊಡನೆ ಜಾಗ ಬದಲಿಸುತ್ತದೆ. ಸೆಪ್ಟೆಂಬರಿನಲ್ಲಿ ನೋಡಿ ಆರಿಸಿದ ಜಾಗ ಡಿಸೆಂಬರಿನ ತಗ್ಗು ಬಿಸಿಲಿಗೆ ಸಿಕ್ಕಿಬೀಳಬಹುದು. ಗಾತ್ರವೂ ಮೋಸ ಮಾಡುತ್ತದೆ. ಸ್ಟುಡಿಯೋದಲ್ಲಿ ಗೋಡೆ ತುಂಬಿದ 2 ಮೀಟರ್ ಚಿತ್ರ 22 ಮೀಟರ್ ಎತ್ತರದ ಕಮಾನಿನಡಿ ಅಂಚೆಚೀಟಿಯಾಗುತ್ತದೆ. ಅದನ್ನು ದೊಡ್ಡ ಸಭಾಂಗಣದಿಂದ ತೆಗೆದು ಪಕ್ಕದ ಸಣ್ಣ ಪ್ರಾರ್ಥನಾ ಕೋಣೆಯಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ ಇಡುವುದು ಲೇಸು. ಮೆರವಣಿಗೆ ಸಾಗುವ ದಾರಿ, ಬಲಿಪೀಠದ ಕಡೆಗಿನ ನೋಟ, ಇವೆರಡನ್ನು ಮುಚ್ಚುವ ಕೃತಿಯನ್ನು ಮಠದವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಹೋಗಿ ನೋಡುವವರಿಗೆ

ಕೊಂಕ್‌ಗೆ ರೊಡೇಜ್‌ನಿಂದ ರಸ್ತೆಯಲ್ಲಿ ಸುಮಾರು 40 ಕಿ.ಮೀ. ಒಂದೇ ಭೇಟಿಯಲ್ಲಿ ಮುಗಿಸುವ ಬದಲು ರಾತ್ರಿ ಊರಿನಲ್ಲಿ ಉಳಿದು ಬೆಳಿಗ್ಗೆ ಒಮ್ಮೆ, ಇಳಿಹಗಲಿನಲ್ಲಿ ಒಮ್ಮೆ ಹೋಗಿ. ಬಿಸಿಲಿನಿಂದ ಒಳಗೆ ಬಂದ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20-30 ನಿಮಿಷ ಬೇಕು, ಅಷ್ಟು ಹೊತ್ತು ಕೂತಿರಿ. ಮೊದಲ ಐದು ನಿಮಿಷಕ್ಕೆ ಎಲ್ಲ ಕಿಟಕಿಗಳೂ ಬರೀ ಬಿಳಿ. ಆಮೇಲೆ ಒಂದಕ್ಕೂ ಇನ್ನೊಂದಕ್ಕೂ ಇರುವ ಬಣ್ಣದ ಅಂತರ ಮೂಡತೊಡಗುತ್ತದೆ. ಎದುರುಬದುರಿನ ಉತ್ತರ, ದಕ್ಷಿಣದ ಕಿಟಕಿಗಳನ್ನು ಜೋಡಿಯಾಗಿ ಹೋಲಿಸಿ, ಬಳಿಕ ಗಾಜನ್ನು ಬಿಟ್ಟು ಅದರ ಪಕ್ಕದ ಕಲ್ಲನ್ನು ನೋಡಿ. ಹೊರಗೆ ಒಂದು ಸುತ್ತು ಬರುವುದನ್ನು ಬಿಡಬೇಡಿ.

ಫೋನಿನಲ್ಲಿ ಚಿತ್ರ ತೆಗೆಯುವವರಿಗೆ ಒಂದು ಮಾತು. ಕ್ಯಾಮೆರಾದ ತಾನೇತಾನಾಗಿ ಬಿಳಿ ಸರಿಪಡಿಸುವ ವ್ಯವಸ್ಥೆ ನೀಲಿ, ಕಿತ್ತಳೆ ಎರಡನ್ನೂ 'ತಪ್ಪು' ಎಂದು ತಿಳಿದು ಅಳಿಸಿಬಿಡುತ್ತದೆ. ವೈಟ್ ಬ್ಯಾಲೆನ್ಸನ್ನು ಹಗಲಿನ ಬೆಳಕಿಗೆ, ಅಂದರೆ 5500 ಕೆಲ್ವಿನ್ ಆಸುಪಾಸಿಗೆ, ಕಟ್ಟಿಹಾಕಿ. ಎಕ್ಸ್‌ಪೋಷರನ್ನು ಗಾಜಿಗೆ ಹೊಂದಿಸಿ, ಕಲ್ಲಿಗಲ್ಲ. ಕಲ್ಲಿಗೆ ಹೊಂದಿಸಿದರೆ ಕಿಟಕಿಗಳು ಸುಟ್ಟ ಬಿಳಿ ರಂಧ್ರಗಳಾಗಿ, ಸೀಸದ ರೇಖೆಗಳೂ ಕರಗಿಹೋಗುತ್ತವೆ.

ಹಿಂತಿರುಗುವಾಗ ರೊಡೇಜ್‌ನಲ್ಲಿ 2014ರಲ್ಲಿ ತೆರೆದ ಸುಲಾಜ್ ಮ್ಯೂಸಿಯಂಗೆ ಹೋಗಿ. ಕೊಂಕ್ ಕಿಟಕಿಗಳ ಅಂಟುಪಟ್ಟಿಯ ವಿನ್ಯಾಸ ಹಲಗೆಗಳು ಅಲ್ಲಿವೆ. ಚರ್ಚಿನಲ್ಲಿ ತಲೆಯೆತ್ತಿ ದೂರದಿಂದ ಕಂಡ ಬಾಗುರೇಖೆಗಳನ್ನು ಅಲ್ಲಿ ಹತ್ತಿರದಿಂದ, ನೇರವಾಗಿ ನೋಡಬಹುದು.